ತುಟಿಯ ಬಣ್ಣ

ಗಂಡನನ್ನು ಆಸ್ಪತ್ರೆಯಲ್ಲಿ ಅತ್ತೆಯ ಕಾವಲಿಗೆ ಬಿಟ್ಟು ಎಮೆರಿತಾ ಎಂದಿನ ಹೊತ್ತಿಗೇ ಕೆಲಸಕ್ಕೆ ಹೊರಟಳು. ಯಾಕೆ ಹೊರಟೆ ಎಂದು ಯಾರಾದರೂ ಕೇಳಿದ್ದರೆ ಉತ್ತರ ನಾಲಗೆಯ ತುದಿಯಲ್ಲೇ ಇತ್ತು: ಪ್ರಯೋಗಾಲಯದಲ್ಲಿ ಇವತ್ತು ಪೆಟ್ಟಿಗೆ ತೆರೆಯುವ ದಿನ, ತೆರೆಯದಿದ್ದರೆ ಇಷ್ಟು ದಿನದ ಕೆಲಸವೆಲ್ಲ ನೀರುಪಾಲು. ಯಾರೂ ಕೇಳಲಿಲ್ಲ. ಅತ್ತೆ ಸಬೀನಾ ಮಗನ ಮಂಚದ ಪಕ್ಕದ ಕುರ್ಚಿಯಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು "ಹೋಗ್ಬಾ" ಅಂದರು, ಅಷ್ಟೇ. ಆ ಒಂದು ಮಾತಿನಲ್ಲಿ ಆಕ್ಷೇಪಣೆ ಇತ್ತೇ, ಇರಲಿಲ್ಲವೇ ಎಂದು ಅವಳು ಗಣಿಯ ಹೊಂಡದ ಬೇಲಿಯುದ್ದಕ್ಕೂ ನಡೆಯುತ್ತ ತಿರುಗಿಸಿ ಮುರುಗಿಸಿ ನೋಡಿದಳು. ಊರಿನ ಅರ್ಧವನ್ನು ನುಂಗಿ ಕೂತ ಆ ಹೊಂಡದ ಕಡೆಯಿಂದ ಬೀಸುವ ಗಾಳಿಗೆ ಸೀಸದ ರುಚಿ ಇರುತ್ತದೆ ಎಂದು ಹೊರಗಿನಿಂದ ಬಂದವರು ಹೇಳುತ್ತಾರೆ. ಬೆಟ್ಟದ ನೆತ್ತಿಯ ಈ ಸೆರ್ರೊದಲ್ಲಿ ಹುಟ್ಟಿದವರಿಗೆ ಗಾಳಿಯ ರುಚಿಯೇ ಅದು. ರಾತ್ರಿ ಬಿದ್ದ ಆಲಿಕಲ್ಲಿನ ಪುಡಿ ಗೋಡೆಗಳ ಬುಡದಲ್ಲಿ ಇನ್ನೂ ಕರಗಿರಲಿಲ್ಲ. ಆಲಿಕಲ್ಲು ಕಂಡದ್ದೇ ತಮ್ಮ ಹೊಸ ತಾರಸಿಯ ಮೇಲೆ ಹುಲ್ಲು ಹೊದಿಸಿದ್ದಾರೋ ಇಲ್ಲವೋ ಎಂದು ಅವಳ ಜೀವ ಥಟ್ಟನೆ ಅತ್ತ ಹಾರಿತು. ಗಂಡ ಉಸಿರಿಗೆ ಒದ್ದಾಡುತ್ತಿರುವಾಗ ಕಾಂಕ್ರೀಟಿನ ಚಿಂತೆ ಬಂತಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮೂಲೆಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಬಾರ್ಲಿಯ ಬಿಸಿ ಕಷಾಯ ಮಾರುವ ಹೆಂಗಸಿಗೆ ಆಗಲೇ ಸುದ್ದಿ ಮುಟ್ಟಿತ್ತು. ಮೋಲ್ಡ್ ಹಾಕಿದ್ರಂತಲ್ಲ, ಒಳ್ಳೇದಾಗ್ಲಿ ಎಂದು ಶುರುಮಾಡಿ, ಲೋಟ ತುಂಬಿಸುತ್ತ, ಗಂಡನ ವಿಷಯಕ್ಕೆ ಬಂದಳು. "ಸೊರೋಚೆ ಅಂತೆ? ನಮ್ ಗ್ರಿಮಾಲ್ದೊಗಾ?" ಅಂದು ನಕ್ಕೇಬಿಟ್ಟಳು. ಪಾಪ, ಕೆಟ್ಟ ಮನಸ್ಸಿನ ನಗುವಲ್ಲ. ಸೊರೋಚೆ ಎಂದರೆ ಎತ್ತರದ ಕಾಯಿಲೆ, ಅದು ಬರುವುದು ಕೆಳಗಿನವರಿಗೆ. ಕಡಲ ದಡದ ಲೀಮಾದಿಂದ ಬಂದ ಅಧಿಕಾರಿಗಳು ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ತಲೆ ಹಿಡಿದುಕೊಂಡು ಚರಂಡಿ ಹುಡುಕುವುದನ್ನು ನೋಡಿ ನಗುವುದು ಈ ಊರಿನ ಹಳೆಯ ಮೋಜು. ಇಲ್ಲೇ ಹುಟ್ಟಿದವನಿಗೆ ಸೊರೋಚೆ ಎಂದರೆ ಮೀನಿಗೆ ನೆಗಡಿಯಾಯಿತು ಎಂದ ಹಾಗೆ. ಎಮೆರಿತಾ ತಾನೂ ನಕ್ಕಳು. ನಕ್ಕ ಮೇಲೆ, ಮೊನ್ನೆಯಿಂದ ತನಗೆ ನಗುವುದೊಂದೇ ಚೆನ್ನಾಗಿ ಬರುತ್ತಿದೆ ಎನ್ನಿಸಿ ಕಷಾಯವನ್ನು ಅರ್ಧಕ್ಕೇ ಬಿಟ್ಟು ನಡೆದಳು.

ಎತ್ತರದ ಕಾಯಿಲೆಯನ್ನೇ ಅಭ್ಯಸಿಸುವ ಆ ಪ್ರಯೋಗಾಲಯದ ಓಣಿಯಲ್ಲಿ ಒಂದು ಭಿತ್ತಿಪತ್ರ ಇದೆ. ಎತ್ತರದ ಊರಿನವರು ಸಮುದ್ರದ ಕಡೆ ಇಳಿದು, ಅಲ್ಲಿ ಕೆಲಕಾಲ ಇದ್ದು, ಮತ್ತೆ ಮೇಲೆ ಹತ್ತಿದಾಗ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಬಂದ ಹೊಸದರಲ್ಲಿ ಭಾರ ಹೊರಬಾರದು, ಕೆಮ್ಮು ಬಂದರೆ ಅಸಡ್ಡೆ ಮಾಡಬಾರದು ಎಂದು ದಪ್ಪಕ್ಷರದಲ್ಲಿ ಬರೆದಿದೆ. ಅದನ್ನು ಗೋಡೆಗೆ ಅಂಟಿಸಿದವಳು ಎಮೆರಿತಾ. ಮೂಲೆ ಸುರುಟಿಕೊಂಡಾಗಲೆಲ್ಲ ಮತ್ತೆ ಅಂಟಿಸುವವಳೂ ಅವಳೇ. ಇವತ್ತು ಅದರತ್ತ ನೋಡದೆ ಬೂಟಿನ ತುದಿ ನೋಡುತ್ತ ಒಳಗೆ ಹೋದಳು. ಡಾಕ್ಟರ್ ಅಲಿಯಾಗಾ, ಅಲ್ಲಿನ ಮುಖ್ಯಸ್ಥೆ, ಅವಳನ್ನು ಕಂಡು ಗಾಬರಿಯಾದರು, ಮನೆಗೆ ಹೋಗು ಮಾರಾಯ್ತಿ ಎಂದು ಬೈದರು, ಬೆನ್ನು ಸವರಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಒಳ್ಳೆಯ ಹೆಂಗಸು, ಆದರೆ ಕಾಯಿಲೆ ಕಂಡರೆ ಕಣ್ಣು ಅರಳುತ್ತದೆ. ತುಟಿಗೆ ಬಣ್ಣ ಬಂದದ್ದು ಯಾವಾಗ, ಕೆಮ್ಮು ಮೊದಲೋ ಬಣ್ಣ ಮೊದಲೋ ಎಂದು ಕೇಳತೊಡಗಿದರು. ನಾನು ಅಡುಗೆಮನೆಯಲ್ಲಿದ್ದೆ, ನೋಡಲಿಲ್ಲ ಎಂದಳು ಎಮೆರಿತಾ. ಸುಳ್ಳು ಎರಡನೆಯ ಸಲ ಎಷ್ಟು ಸಲೀಸಾಗಿ ಬಂತೆಂದರೆ, ಆ ಕ್ಷಣಕ್ಕೆ ಅವಳಿಗೆ ಅಡುಗೆಮನೆಯ ಹೊಗೆ, ಸಿಪ್ಪೆ ತೆಗೆಯುತ್ತ ಕೂತ ಓರಗಿತ್ತಿಯರು, ಎಲ್ಲ ಕಣ್ಣಿಗೆ ಕಟ್ಟಿತು.

ಕೆಳಗೆ ಲೀಮಾದ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿ ಹೋದ ಮೇಲೆ ಗ್ರಿಮಾಲ್ದೊ ದಿನಾ ಸಂಜೆ ಫೋನಿನಲ್ಲಿ ಧ್ವನಿ ಕಳಿಸುತ್ತಿದ್ದ. ಮೊದಮೊದಲು ಮಂಜು, ಸದ್ದು, ಬಸ್ಸಿನ ನೂಕುನುಗ್ಗಲಿನ ದೂರು. ಆಮೇಲೆ ದೂರು ನಿಂತಿತು. "ಇಲ್ಲಿ ನಿದ್ದೆ ಅಂದ್ರೆ ನಿದ್ದೆ ಕಣೆ ಮೆರಿ. ಅಲ್ಲಿ ನಾವು ಮಲಗ್ತಿದ್ವು ಅಷ್ಟೇ, ನಿದ್ದೆ ಮಾಡ್ತಿರ್ಲಿಲ್ಲ" ಎಂದು ಒಂದು ದಿನ ಹೇಳಿದ್ದ. ಎಷ್ಟು ಸಾಧಾರಣ ಮಾತು. ಆದರೆ ಅವಳು ಅದನ್ನು ಮತ್ತೆ ಮತ್ತೆ ಕೇಳಿಸಿಕೊಂಡಿದ್ದಳು, ನೋಯುವ ಹಲ್ಲನ್ನು ನಾಲಗೆಯಿಂದ ಮುಟ್ಟಿ ಮುಟ್ಟಿ ನೋಡುವ ಹಾಗೆ. ಇಷ್ಟು ವರ್ಷ ಒಂದೇ ಕಂಬಳಿಯಡಿ ಮಲಗಿದ್ದು ನಿದ್ದೆಯಲ್ಲದಿದ್ದರೆ ಮತ್ತೇನಾಗಿತ್ತು? ತಾರಸಿ ಹಾಕಿಸಲೆಂದು ಅವನು ಶುಕ್ರವಾರ ಸಂಜೆ ಬಸ್ಸಿಳಿದಾಗ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಅವನ ತುಟಿ. ಈ ಊರಿನಲ್ಲಿ ಎಲ್ಲರ ತುಟಿಗೂ ಒಂದು ಕಪ್ಪು ಛಾಯೆ ಇದೆ, ನೇರಳೆ ಜೋಳದ ಪಾನಕ ಕುಡಿದು ಬಾಯಿ ಒರೆಸಿಕೊಂಡ ಮಕ್ಕಳ ಹಾಗೆ. ಅವನ ತುಟಿ ಕೆಂಪಾಗಿತ್ತು. ಯಾರದೋ ಮನೆಯ ಮಗನ ಹಾಗೆ ಚೆನ್ನಾಗಿ ಕಾಣುತ್ತಿದ್ದ. ವಾಪಸ್ ಹೋಗುವ ಟಿಕೆಟ್ಟನ್ನೂ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದ. ಮಾರನೆಯ ದಿನ ಅವಳ ಅಣ್ಣ ಲಿಸಾಂದ್ರೊ ಭಾನುವಾರದ ಕೆಲಸಕ್ಕೆ ಆಳು ಹಂಚುತ್ತಿದ್ದಾಗ, ನೆಂಟರಿಷ್ಟರೆಲ್ಲ ಸುತ್ತ ಕೂತಿದ್ದಾಗ, ಅವಳ ಬಾಯಿಂದ ಆ ಮಾತು ಬಂದಿತ್ತು. "ಇವ್ನಿಗೆ ಕಾಂಕ್ರೀಟ್ ಡಬ್ಬ ಹೊರ್ಸ್‌ಬೇಡ ಅಣ್ಣ. ಲೀಮಾದ ಗಾಳಿ ಕುಡ್ದು ಮೆತ್ತಗಾಗಿದಾನೆ. ನಮ್ ಜೊತೆ ಕೂತು ಆಲೂಗಡ್ಡೆ ಸುಲೀಲಿ ಬಿಡು." ಎಲ್ಲರೂ ನಕ್ಕರು. ಗ್ರಿಮಾಲ್ದೊ ಎಲ್ಲರಿಗಿಂತ ಹೆಚ್ಚು ನಕ್ಕ. ಆಗಲೇ ಅವನು ಎರಡು ಸಲ ಕೆಮ್ಮಿದ್ದ. ದಾರಿಯ ಧೂಳು ಎಂದಿದ್ದ.

ಪೆಟ್ಟಿಗೆಯ ಗಾಜಿಗೆ ಮುಖ ತಂದು ಅವಳು ಒಳಗಿನ ತಟ್ಟೆಗಳನ್ನು ನೋಡಿದಳು. ಕಣ್ಣಿಗೆ ಏನೂ ಕಾಣುವುದಿಲ್ಲ, ತಿಳಿ ಗುಲಾಬಿ ನೀರು ಅಷ್ಟೇ. ಅದರ ತಳದಲ್ಲಿ ರಕ್ತನಾಳದ ಒಳಗೋಡೆಯ ಜೀವಕೋಶಗಳು ಒಂದಕ್ಕೊಂದು ಒತ್ತಿಕೊಂಡು ಹರಡಿಕೊಂಡಿವೆ. ಪೆಟ್ಟಿಗೆಯೊಳಗೆ ಆಮ್ಲಜನಕವನ್ನು ಇನ್ನಿಲ್ಲವೆಂಬಷ್ಟು ಇಳಿಸಿ ಅವನ್ನು ಇಟ್ಟಿದ್ದಾರೆ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೆ ಅವುಗಳ ಮೇಲೆ ಒಂದು ಬಗೆಯ ಅಭಿಮಾನ ಹುಟ್ಟಿತ್ತು. ಉಸಿರು ಕಡಿಮೆಯಾದರೆ ಅವು ಒಡನೆ ಸಾಯುವುದಿಲ್ಲ. ಖರ್ಚು ಇಳಿಸುತ್ತವೆ, ಬೆಳೆಯುವುದನ್ನು ನಿಲ್ಲಿಸುತ್ತವೆ, ದೊಡ್ಡ ಒಲೆ ಆರಿಸಿ ಸಣ್ಣ ಒಲೆಯಲ್ಲಿ ಸಕ್ಕರೆ ಸುಟ್ಟುಕೊಂಡು ದಿನ ದೂಡುತ್ತವೆ. ನಮ್ಮವರೇ ಎನ್ನಿಸುತ್ತಿತ್ತು ಅವಳಿಗೆ. ಡಾಕ್ಟರ್ ಅಲಿಯಾಗಾ ಹೇಳಿಕೊಟ್ಟಿದ್ದ ಇನ್ನೊಂದು ವಿಷಯವಂತೂ ಅವಳಿಗೆ ಬಹಳ ಇಷ್ಟ: ಪ್ರತಿ ಕೋಶವೂ ಉಸಿರುಕಟ್ಟಿತು ಎಂಬ ಕೂಗನ್ನು ಹಗಲಿರುಳು ತಯಾರಿಸುತ್ತಲೇ ಇರುತ್ತದಂತೆ, ತಯಾರಿಸಿ ಕೂಡಲೇ ಅಳಿಸಿಹಾಕುತ್ತದಂತೆ. ಗಾಳಿ ಇರುವ ತನಕ ಅಳಿಸುವ ಕೆಲಸ ನಡೆದೇ ಇರುತ್ತದೆ. ಗಾಳಿ ತಪ್ಪಿದಾಗ ಅಳಿಸುವ ಕೈ ನಿಲ್ಲುತ್ತದೆ, ಕೂಗು ಉಳಿದುಕೊಳ್ಳುತ್ತದೆ, ಇಡೀ ಕೋಶ ಎಚ್ಚರಗೊಳ್ಳುತ್ತದೆ. ಕಣ್ಣಿಗೆ ಕಾಣದ ಆ ಹುಲುಜೀವಕ್ಕೂ ಯಾವ ಹೊತ್ತಿಗೆ ಕೂಗಬೇಕೆಂದು ಗೊತ್ತಿದೆ ಎಂದು ಇವತ್ತು ಅವಳಿಗೆ ಅನ್ನಿಸಿ, ಗಾಜಿನ ಮೇಲೆ ತನ್ನದೇ ಉಸಿರು ಹಬೆಗಟ್ಟಿದ್ದನ್ನು ತೋಳಿನಿಂದ ಒರೆಸಿದಳು.

"ನಿಧಾನಕ್ಕೆ ಬಿಡು," ಎಂದರು ಡಾಕ್ಟರ್ ಅಲಿಯಾಗಾ ಹಿಂದಿನಿಂದ. ಅದನ್ನು ಅವಳಿಗೆ ಹೇಳಬೇಕಾಗಿರಲಿಲ್ಲ. ಗಾಳಿಯಿಲ್ಲದೆ ಅಷ್ಟು ದಿನ ತಾಳಿದ ಕೋಶ ಗಾಳಿ ಮರಳಿದ ಹೊತ್ತಿನಲ್ಲಿ ಸಾಯುತ್ತದೆ, ಇದೇ ಈ ಕೆಲಸದ ವಿಚಿತ್ರ. ಆರಿದ ಒಲೆಗಳೆಲ್ಲ ಒಮ್ಮೆಗೇ ಹೊತ್ತಿಕೊಂಡು ಕಿಡಿ ಹಾರಿ ಮನೆಯನ್ನೇ ಸುಡುತ್ತವೆ. ಗಾಳಿ ಹೋಗುವಾಗ ಉಳಿದವರು ಅದು ಬರುವಾಗ ಹೋಗುತ್ತಾರೆ. ಗುಬಟು ತಿರುಗಿಸಲು ಚಾಚಿದ ಅವಳ ಕೈ ಅದರ ಮೇಲೇ ನಿಂತುಬಿಟ್ಟಿತು. ಕೊನೆಗೆ ಡಾಕ್ಟರು ಮೆಲ್ಲನೆ ಅವಳ ಕೈ ಸರಿಸಿ ತಾವೇ ತಿರುಗಿಸಿದರು. ಅನುಭವಿ ಕೈ ಎಂದು ಹೊರಗಿನಿಂದ ಬಂದವರಿಗೆಲ್ಲ ಅವರು ಹೊಗಳುತ್ತಿದ್ದ ಕೈ ಅದು. ಅವಳು ಪಕ್ಕಕ್ಕೆ ನಿಂತು ಕೈಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡಳು. ಅವುಗಳನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ನಿನ್ನೆ ಇದೇ ಕೈಯಲ್ಲಿ ಡಬ್ಬ ಎತ್ತಿ ಕೊಟ್ಟಿದ್ದಳು. ಮಿಕ್ಸರಿನಿಂದ ಸುರಿದ ಕಾಂಕ್ರೀಟನ್ನು ಎಣ್ಣೆಯ ಹಳೆಯ ಡಬ್ಬಗಳಿಗೆ ತುಂಬಿಸುವುದು, ಗಂಡಸರು ಅದನ್ನು ಹೆಗಲಿಗೇರಿಸಿ ಹಲಗೆಯ ಇಳಿಜಾರಿನ ಮೇಲೆ ಓಡುವುದು, ಮೇಲೆ ಸುರಿದು ಖಾಲಿ ಡಬ್ಬ ಎಸೆಯುವುದು. ಒಮ್ಮೆ ಶುರುವಾದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ನಡುವೆ ನಿಂತರೆ ಹಳೆಯದಕ್ಕೂ ಹೊಸದಕ್ಕೂ ಕೂಡಿಕೆ ಬಿದ್ದು ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ಕೆಳಗೆ ಅಂಗಳದ ಗುಂಡಿಯಲ್ಲಿ ಕಾದ ಕಲ್ಲುಗಳ ನಡುವೆ ಮಾಂಸ, ಗೆಡ್ಡೆ ಬೇಯುತ್ತಿತ್ತು. ದಣಿವಾಗದಂತೆ ಜಗಿಯುವ ಕೋಕಾ ಎಲೆ ಕೈಯಿಂದ ಕೈಗೆ ಹೋಗುತ್ತಿತ್ತು. ಗ್ರಿಮಾಲ್ದೊ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ನೋಡು ನಿನ್ ಲೀಮಾದ ಗಂಡನ್ನ ಎಂದು ಲಿಸಾಂದ್ರೊ ಕೂಗಿ ಹೇಳಿದ. ಮಧ್ಯಾಹ್ನ ಇಳಿಯುತ್ತಿದ್ದಾಗ ಡಬ್ಬ ತುಂಬಿಸುವವನು ನೀರು ಕುಡಿಯಲು ಹೋದ, ಅವನ ಜಾಗದಲ್ಲಿ ಹಲಗೆಯ ಬುಡಕ್ಕೆ ಅವಳು ನಿಂತಳು. ಗ್ರಿಮಾಲ್ದೊ ಇಳಿದು ಬಂದು ಎದುರು ನಿಂತ. ಬಗ್ಗಿ ಮೊಣಕಾಲಿನ ಮೇಲೆ ಕೈಯಿಟ್ಟು ಕೆಮ್ಮಿದ, ತಲೆಯೆತ್ತಿದ. ಅವಳು ನೋಡಿದಳು. ತುಟಿ ನೀಲಿಯಾಗಿತ್ತು. ಬಾಯಿಯ ಸುತ್ತಲೂ ಬಣ್ಣ ಏರಿತ್ತು. ಆ ನೀಲಿಯ ಒಂದೊಂದು ಛಾಯೆಯನ್ನೂ ಬಲ್ಲವಳು ಅವಳು. ನೋಡಲಿಲ್ಲ ಎಂದರೆ ಸುಳ್ಳು. ನೋಡಿಯೂ ತಾರಸಿ ಕೆಟ್ಟೀತೆಂದು ಸುಮ್ಮನಿದ್ದೆ ಎಂದು ರಾತ್ರಿಯಿಡೀ ತನ್ನನ್ನು ತಾನು ಹಳಿದುಕೊಂಡಿದ್ದಳಲ್ಲ, ಅದೂ ಪೂರ್ತಿ ನಿಜವಲ್ಲ ಎಂದು ಈಗ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದಾಗ ಅವಳಿಗೆ ಹೊಳೆಯಿತು. ತಾರಸಿಯ ನೆನಪು ಬಂದದ್ದು ಆಮೇಲೆ. ಆ ತುಟಿ ಕಂಡ ಕ್ಷಣದಲ್ಲಿ ಅವಳಿಗೆ ಖುಷಿಯಾಗಿತ್ತು. ಲೀಮಾದ ಕೆಂಪು ಹೋಯಿತು, ನಮ್ಮ ಬಣ್ಣ ಬಂತು, ಮನೆಗೆ ಬಂದ ಎಂದು ಎದೆ ತುಂಬಿ ಬಂದಿತ್ತು. ಆ ಖುಷಿಯಲ್ಲೇ ಡಬ್ಬ ಎತ್ತಿ ಅವನ ಹೆಗಲಿಗೆ ಇಟ್ಟಿದ್ದಳು.

ಕೊನೆಯ ಡಬ್ಬ ಸುರಿದು, ಮನೆಗೆ ಒಳ್ಳೆಯದಾಗಲೆಂದು ತಾರಸಿಯ ಮೇಲೆ ಹೂವಿನ ಶಿಲುಬೆ ನೆಟ್ಟು, ಎಲ್ಲರೂ ಗುಂಡಿಯ ಸುತ್ತ ಊಟಕ್ಕೆ ಕೂತಾಗ ಗ್ರಿಮಾಲ್ದೊ ಕೂರಲಾರದೆ ಗೋಡೆಗೆ ಒರಗಿ ನಿಂತಿದ್ದ. ಬಾಯಿಂದ ಗುಲಾಬಿ ನೊರೆ ಬಂದಿತ್ತು. ಲಿಸಾಂದ್ರೊ ಪಿಕಪ್ ಗಾಡಿ ತಂದ. ಆಸ್ಪತ್ರೆಯಲ್ಲಿ ಇದ್ದದ್ದು ಕರಾವಳಿಯ ಹುಡುಗ ಡಾಕ್ಟರು, ಇಲ್ಲಿಗೆ ಬಂದು ಇನ್ನೂ ವರ್ಷವಾಗಿಲ್ಲ, ಮೆಟ್ಟಿಲು ಹತ್ತಿ ಬಂದವನು ತಾನೇ ಏದುಸಿರು ಬಿಡುತ್ತ ಆಮ್ಲಜನಕದ ಮಾಸ್ಕು ಕಟ್ಟಿದ. ತುಟಿ ಹೀಗಾಗೋ ತನಕ ಮನೆಯಲ್ಲಿ ಯಾರೂ ನೋಡಲಿಲ್ಲವೇ ಎಂದು ಅವನು ಕೇಳಿದ್ದು ಎಲ್ಲರನ್ನೂ. ಎಮೆರಿತಾ ಮಾತ್ರ, ತನ್ನೊಬ್ಬಳನ್ನೇ ಕೇಳಿದ ಹಾಗೆ, ನಾನು ಅಡುಗೆಮನೆಯಲ್ಲಿದ್ದೆ ಎಂದುಬಿಟ್ಟಳು. ಲಿಸಾಂದ್ರೊ ಅವಳ ಮುಖ ನೋಡಿ ಬೇರೆ ಕಡೆ ತಿರುಗಿದ. ಮಾಸ್ಕಿನ ಹಿಂದೆ ಗ್ರಿಮಾಲ್ದೊನ ಕಣ್ಣು ಮುಚ್ಚಿತ್ತು. ಅವನಿಗೆ ಕೇಳಿಸಿಲ್ಲ ಎಂದುಕೊಂಡಿದ್ದಳು.

ಮಧ್ಯಾಹ್ನ ಡಾಕ್ಟರ್ ಅಲಿಯಾಗಾ ಅವಳನ್ನು ಬಲವಂತವಾಗಿ ಹೊರಗೆ ಕಳಿಸಿದರು. ಸೂಕ್ಷ್ಮದರ್ಶಕದಲ್ಲಿ ಕೆಲವು ಕೋಶಗಳು ಗುಂಡಗೆ ಮುದುಡಿ ತಳ ಬಿಟ್ಟು ಎದ್ದಿದ್ದವು, ಉಳಿದವು ಅಂಟಿಕೊಂಡೇ ಇದ್ದವು. ನಾಳೆ ಗೊತ್ತಾಗುತ್ತದೆ ಎಂದರು. ಆಸ್ಪತ್ರೆಯ ದಾರಿಯಲ್ಲೇ ಮನೆ. ಅಂಗಳದಲ್ಲಿ ಯಾರೂ ಇರಲಿಲ್ಲ. ತಾರಸಿಯ ಮೇಲೆ ರಾತ್ರಿ ಹೊದಿಸಿದ್ದ ಹುಲ್ಲನ್ನು ಯಾರೋ ಬೆಳಿಗ್ಗೆ ಸರಿಸಿದ್ದರು, ನೀರು ಮಾತ್ರ ಬಿಟ್ಟಿರಲಿಲ್ಲ. ಎತ್ತರದ ಬಿಸಿಲು ಚರ್ಮ ಸುಲಿಯುವಂಥದ್ದು. ಅಂಚಿನಲ್ಲಿ ಕಾಂಕ್ರೀಟು ಆಗಲೇ ಬೆಳ್ಳಗೆ ತಿರುಗಿತ್ತು. ಪೈಪು ಅಲ್ಲೇ ಬಿದ್ದಿತ್ತು. ಅವಳು ಅದನ್ನು ಕೈಗೆತ್ತಿಕೊಂಡು, ನಲ್ಲಿಯ ತನಕ ಹೋಗಿ, ನಿಂತಳು. ಈ ತಾರಸಿಗಾಗಿ ಅವನು ಕೆಳಗೆ ಹೋದದ್ದು, ಈ ತಾರಸಿಗಾಗಿ ಮೇಲೆ ಬಂದದ್ದು. ಪೈಪನ್ನು ಬಿಸಾಕಿ ಓಡುನಡಿಗೆಯಲ್ಲಿ ಆಸ್ಪತ್ರೆಗೆ ಬಂದಳು.

ಗ್ರಿಮಾಲ್ದೊ ದಿಂಬಿಗೆ ಒರಗಿ ಕೂತಿದ್ದ. ಮಾಸ್ಕಿನೊಳಗೆ ತುಟಿ ಕೆಂಪಾಗಿ ಕಂಡಿತು. ಹುಡುಗ ಡಾಕ್ಟರು ಮಂಚದ ಕಂಬಿ ಹಿಡಿದು ನಿಂತಿದ್ದ. ನೀರು ಇಳಿಯುತ್ತಿದೆ, ಜೀವಕ್ಕೆ ಭಯವಿಲ್ಲ, ಆದರೆ ಮಾಸ್ಕು ತೆಗೆಯುವ ಹಾಗಿಲ್ಲ ಎಂದ. "ಇನ್ಮೇಲೆ ಒಂದೋ ಇಲ್ಲೇ ಇರಿ, ಇಲ್ಲ ಅಲ್ಲೇ ಇರಿ. ಹತ್ತೋದು ಇಳಿಯೋದು ಮಾಡ್ಬೇಡಿ. ಇನ್ನೊಂದ್ಸಲ ಹಿಂಗಾದ್ರೆ ಕಷ್ಟ." ಇಲ್ಲೇ ಇರ್ತಾನೆ ಬಿಡಿ, ಮನೆಯೂ ಆಯ್ತಲ್ಲ ಎಂದರು ಅತ್ತೆ. ಎಷ್ಟು ತಿಂಗಳಿಂದ ಯಾರಿಗೂ ಹೇಳದೆ ಎಮೆರಿತಾ ಬೇಡಿಕೊಂಡಿದ್ದು ಇದನ್ನೇ. ಈಗ ಅದು ಕೈಗೆ ಬಂದಿತ್ತು, ಹೀಗೆ ಬಂದಿತ್ತು. ಡಾಕ್ಟರು ಹೊರಡುವ ಮುಂಚೆ ಅವಳತ್ತ ತಿರುಗಿ, ನೀವು ಇದೇ ಕೆಲಸದಲ್ಲಿ ಇರೋದಂತಲ್ಲ ಎಂದು ಏನೋ ಹೇಳಹೊರಟ. ಅಷ್ಟರಲ್ಲಿ ಗ್ರಿಮಾಲ್ದೊ ಮಾಸ್ಕು ಎತ್ತಿ, "ಅವ್ಳು ಅಡುಗೆಮನೇಲಿದ್ಲು ಡಾಕ್ಟ್ರೇ. ನೋಡಿದ್ರೆ ಬಿಡ್ತಿದ್ಲಾ?" ಅಂದ.

ಡಾಕ್ಟರು ಹೋದ. ಅತ್ತೆ ಕೆಳಗಿನ ಅಂಗಡಿಯಿಂದ ಬಿಸಿ ಸಾರು ತರುತ್ತೇನೆಂದು ಟೋಪಿ ಹಾಕಿಕೊಂಡು ಇಳಿದರು. ಪಕ್ಕದ ಮಂಚದ ಮುದುಕ ಗೋಡೆಗೆ ಮುಖ ಮಾಡಿ ಮಲಗಿದ್ದ.

"ನಾನು ಅಡುಗೆಮನೇಲಿ ಇರ್ಲಿಲ್ಲ," ಎಂದಳು ಎಮೆರಿತಾ.

ಅವನು ಮಾಸ್ಕನ್ನು ಗದ್ದಕ್ಕೆ ಸರಿಸಿದ. "ಗೊತ್ತು. ನಿನ್ ಕೈಯಿಂದ್ಲೇ ಅಲ್ವಾ ಡಬ್ಬ ಇಸ್ಕೊಂಡಿದ್ದು."

"ಮತ್ತೆ ಯಾಕೆ ಹಾಗಂದೆ?"

"ನಿನ್ನೆ ನೀನೇ ಅಂದ್ಯಲ್ಲ. ಗಂಡ ಒಂದು ಹೆಂಡ್ತಿ ಒಂದು ಹೇಳಿದ್ರೆ ನೋಡೋರು ಏನಂತಾರೆ." ಅವನು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. "ಎದೆ ಒಳಗೆ ಗೊರಗೊರ ಅಂತಿತ್ತು ಮೆರಿ. ಇನ್ನಾಗಲ್ಲ, ಕೂತ್ಕೊಳ್ಳೋಣ ಅಂತ್ಲೇ ಇಳಿದು ಬಂದೆ. ನೀನು ನನ್ ಮುಖ ನೋಡ್ದೆ. ನೋಡಿ ನಕ್ಕೆ. ದಿನಾ ಇದನ್ನೇ ನೋಡೋಳು, ಇವ್ಳೇ ನಗ್ತಿದಾಳೆ ಅಂದ್ರೆ ಏನೂ ಇಲ್ಲ ಬಿಡು ಅಂದ್ಕೊಂಡೆ. ಹೊತ್ತೆ."

ದೂರುವ ದನಿಯಲ್ಲ. ಬೀಗದ ಕೈ ಎಲ್ಲಿಟ್ಟೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದ್ದ. ನಕ್ಕದ್ದು ಅವಳಿಗೆ ನೆನಪೇ ಇರಲಿಲ್ಲ. ಖುಷಿ ಒಳಗೇ ಉಳಿದಿತ್ತು ಎಂದುಕೊಂಡಿದ್ದಳು, ಅದು ಮುಖದ ಮೇಲೆ ಬಂದಿತ್ತು, ಅವನಿಗೆ ಕಂಡಿತ್ತು, ಅದನ್ನೇ ನಂಬಿ ಅವನು ಮತ್ತೆ ಹಲಗೆ ಹತ್ತಿದ್ದ. ಗ್ರಿಮಾಲ್ದೊ ಆಗಲೇ ಬೇರೆ ಮಾತಿಗೆ ಹೋಗಿದ್ದ. ಮೋಲ್ಡಿಗೆ ನೀರು ಬಿಟ್ರಾ, ಇವತ್ತು ಬಿಡದಿದ್ರೆ ಬಿರುಕು ಬಿಡುತ್ತೆ, ನಿಮ್ಮಣ್ಣ ಮರೆತಿರ್ತಾನೆ, ನೀನೇ ಹೋಗು, ಎಂದು ಒಂದೊಂದೇ ಮಾತಿಗೆ ನಿಂತು ನಿಂತು ಹೇಳುತ್ತಿದ್ದ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು. ಕೆಂಪು ತೆಳುವಾಗತೊಡಗಿತ್ತು. ತುಟಿಯ ಅಂಚಿನಿಂದ, ಇನ್ನೂ ಬೇರೆ ಯಾರ ಕಣ್ಣಿಗೂ ಬೀಳದಷ್ಟು ಸಣ್ಣಗೆ, ಆ ಬಣ್ಣ ಒಳಗೆ ಬರುತ್ತಿತ್ತು.

"ಮಾಸ್ಕ್ ಹಾಕ್ಕೊ."

"ಇರೇ, ಮಾತಾಡ್ತಿದೀನಿ."

"ತುಟಿ ನೀಲಿ ಆಗ್ತಿದೆ ಗ್ರಿಮಾ," ಎಂದಳು, ಪಕ್ಕದ ಮಂಚದ ಮುದುಕ ತಿರುಗಿ ನೋಡುವಷ್ಟು ಜೋರಾಗಿ. ಅವನ ಗದ್ದದಿಂದ ಮಾಸ್ಕನ್ನು ಮೇಲೆತ್ತಿ ಮೂಗಿಗೆ ಒತ್ತಿ ಹಿಡಿದಳು.

ಅವನು ಅದರೊಳಗಿಂದಲೇ ಗೊಣಗಿ, ಬೆರಳೆತ್ತಿ ಮೇಲೆ ತೋರಿಸಿದ. ತಾರಸಿ.

"ಬಿರುಕು ಬಿಟ್ರೆ ಬಿಡ್ಲಿ," ಎಂದಳು ಎಮೆರಿತಾ.

ಅವನ ಬೆರಳು ಇಳಿಯಿತು. ಕೊಳವೆಯಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು. ಬಣ್ಣ ಒಮ್ಮೆಗೇ ಹಿಂದೆ ಸರಿಯಲಿಲ್ಲ. ಅವನು ಕಣ್ಣು ಮುಚ್ಚದೆ ಅವಳ ಮುಖವನ್ನೇ ನೋಡುತ್ತಿದ್ದ, ತನಗೆ ಹೇಗಿದೆ ಎಂಬುದನ್ನು ಈಗಲೂ ಅಲ್ಲೇ ಹುಡುಕುತ್ತಿದ್ದ. ಅವಳಿಗೆ ಭಯವಾಗಿತ್ತು. ಅದು ಅವನಿಗೆ ಕಾಣಲಿ ಎಂದು ಅವಳು ಮುಖ ತಿರುಗಿಸಲಿಲ್ಲ.